ಲೇಸ್ ಹೆಣಿಗೆಯ ಶ್ರಗ್

ಲೇಸ್ ಹೆಣಿಗೆಯ ಶ್ರಗ್ ಎಂಬುದು ಬೆನ್ನಿನ ಮೇಲ್ಭಾಗ, ಭುಜ ಮತ್ತು ತೋಳುಗಳನ್ನು ಮಾತ್ರ ಮುಚ್ಚುವ, ಮುಂಭಾಗದಲ್ಲಿ ತೆರೆದಿರುವ, ಜಾಲರಿಯಂತೆ ರಂಧ್ರವಿನ್ಯಾಸವುಳ್ಳ ಕೈಹೆಣಿಗೆಯ ಮೇಲುಡುಪು. ಇದಕ್ಕೆ ಸಾಮಾನ್ಯವಾಗಿ ಗುಂಡಿಯಾಗಲಿ ಕಾಜವಾಗಲಿ ಇರುವುದಿಲ್ಲ. ಎರಡು ಕಡ್ಡಿಗಳು ಮತ್ತು ಒಂದೇ ಎಳೆಯ ನೂಲಿನಿಂದ ಇದನ್ನು ಹೆಣೆಯಲಾಗುತ್ತದೆ. ಸೀರೆ, ಚೂಡಿದಾರ, ಕುರ್ತಾ ಅಥವಾ ತೋಳಿಲ್ಲದ ಉಡುಪುಗಳ ಮೇಲೆ ಇದನ್ನು ಧರಿಸುವುದು ವಾಡಿಕೆ.

ಹೊಲಿದ ಉಡುಪಿಗೂ ಹೆಣೆದ ಉಡುಪಿಗೂ ಅಳತೆಯ ವಿಷಯದಲ್ಲಿ ಮೂಲಭೂತ ವ್ಯತ್ಯಾಸವಿದೆ. ಹೊಲಿಗೆಯಲ್ಲಿ ಬಟ್ಟೆ ಮೊದಲೇ ಸಿದ್ಧವಾಗಿರುತ್ತದೆ. ಅಳತೆಗೆ ತಕ್ಕಂತೆ ಅದನ್ನು ಕತ್ತರಿಸಲಾಗುತ್ತದೆ. ಹೆಣಿಗೆಯಲ್ಲಿ ಬಟ್ಟೆಯೂ ಉಡುಪೂ ಒಟ್ಟಿಗೇ ಹುಟ್ಟುತ್ತವೆ. ಮೊದಲ ಸಾಲಿನಲ್ಲಿ ಹಾಕಿದ ಕುಣಿಕೆಗಳ ಸಂಖ್ಯೆಯೇ ಉಡುಪಿನ ಅಗಲವನ್ನು ನಿರ್ಧರಿಸುತ್ತದೆ. ಆದ್ದರಿಂದ ಶ್ರಗ್ ಮೈಗೆ ಸರಿಹೊಂದುವುದೋ ಇಲ್ಲವೋ ಎಂಬುದು ಹೆಣೆಯುವ ಕೈಚಳಕಕ್ಕಿಂತ ಹೆಚ್ಚಾಗಿ, ಹೆಣೆಯುವ ಮೊದಲು ಮಾಡಿದ ಲೆಕ್ಕವನ್ನು ಅವಲಂಬಿಸಿದೆ.

ಹೆಸರು ಮತ್ತು ಹಿನ್ನೆಲೆ

ಶ್ರಗ್ ಎಂಬ ಇಂಗ್ಲಿಷ್ ಪದಕ್ಕೆ ಹೆಗಲು ಕುಣಿಸುವುದು ಎಂಬ ಅರ್ಥವಿದೆ. ಹೆಗಲಿನ ಮೇಲೆಯೇ ನಿಲ್ಲುವ ಉಡುಪಾದ್ದರಿಂದ ಈ ಹೆಸರು ಬಂದಿದೆ. ಕನ್ನಡದಲ್ಲಿ ಇದಕ್ಕೆ ಬೇರೆ ಹೆಸರು ರೂಢಿಯಲ್ಲಿಲ್ಲ. ಅಂಗಡಿಗಳಲ್ಲಿಯೂ ಮನೆಗಳಲ್ಲಿಯೂ ಶ್ರಗ್ ಎಂದೇ ಹೇಳುತ್ತಾರೆ.

ಕಡ್ಡಿ ಹೆಣಿಗೆಯ ಬಹು ಹಳೆಯ ಮಾದರಿಗಳು ಈಜಿಪ್ಟಿನಲ್ಲಿ ದೊರೆತಿವೆ. ಮಧ್ಯಯುಗಕ್ಕೆ ಸೇರಿದ ಆ ಕಾಲುಚೀಲಗಳಲ್ಲಿ ಹಲವು ಹತ್ತಿಯ ನೂಲಿನವು, ಬಿಳಿ ಮತ್ತು ನೀಲಿ ಬಣ್ಣದವು. ಹೆಣಿಗೆ ಎಂದರೆ ಉಣ್ಣೆಯೇ ಎಂಬ ಭಾವನೆ ಸಾಮಾನ್ಯವಾಗಿದ್ದರೂ ಹತ್ತಿಯ ಹೆಣಿಗೆಯೂ ಪುರಾತನವೇ ಎಂಬುದು ಇದರಿಂದ ತಿಳಿಯುತ್ತದೆ. ಮುಂದೆ ಈ ಕಲೆ ಯುರೋಪಿನಲ್ಲಿ ಹರಡಿತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ರೂಪಿಸಿದನು.

ರಂಧ್ರವಿನ್ಯಾಸದ ಹೆಣಿಗೆಗೆ ಮೂರು ಪ್ರದೇಶಗಳು ವಿಶೇಷವಾಗಿ ಪ್ರಸಿದ್ಧವಾಗಿವೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ ಹೆಣೆದ ತೆಳು ಶಾಲುಗಳು ಮದುವೆಯ ಉಂಗುರದೊಳಗಿಂದ ಹಾದುಹೋಗುವಷ್ಟು ನವಿರಾಗಿರುತ್ತವೆ. ರಷ್ಯಾದ ಓರೆನ್‌ಬುರ್ಗ್‌ನಲ್ಲಿ ಮೇಕೆಯ ಮೃದು ತುಪ್ಪಳದಿಂದಲೂ, ಎಸ್ಟೋನಿಯಾದ ಹಾಪ್ಸಾಲುವಿನಲ್ಲಿ ನಯವಾದ ಕುರಿ ಉಣ್ಣೆಯಿಂದಲೂ ಇಂತಹ ಶಾಲುಗಳನ್ನು ಹೆಣೆಯುತ್ತಾರೆ. ಹೆಣಿಗೆಯ ವಿಧಾನಗಳು ಅಚ್ಚಿನ ಪುಸ್ತಕಗಳ ಮೂಲಕ ವ್ಯಾಪಕವಾಗಿ ಹರಡಿದ್ದು 19ನೆಯ ಶತಮಾನದಲ್ಲಿ. 1971ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎಲಿಜಬೆತ್ ಜಿಮ್ಮರ್‌ಮನ್ ಅವರ ಹೆಣಿಗೆ ಪುಸ್ತಕವು, ಸಿದ್ಧ ಸೂಚನೆಗಳನ್ನು ಕುರುಡಾಗಿ ಅನುಸರಿಸುವ ಬದಲು ಧರಿಸುವವರ ಅಳತೆಯಿಂದ ಕುಣಿಕೆಗಳನ್ನು ಲೆಕ್ಕಹಾಕುವ ಕ್ರಮವನ್ನು ಜನಪ್ರಿಯಗೊಳಿಸಿತು.

ಭಾರತದಲ್ಲಿ ಉಣ್ಣೆ ಮತ್ತು ಅಕ್ರಿಲಿಕ್ ಹೆಣಿಗೆ ಉಡುಪುಗಳಿಗೆ ಪಂಜಾಬಿನ ಲೂಧಿಯಾನ, ಹತ್ತಿಯ ಯಂತ್ರಹೆಣಿಗೆಗೆ ತಮಿಳುನಾಡಿನ ತಿರುಪ್ಪೂರು ಪ್ರಮುಖ ಕೇಂದ್ರಗಳು. ಕೈಹೆಣಿಗೆಯು ಹೆಚ್ಚಾಗಿ ಮನೆಗಳಲ್ಲಿಯೇ, ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕಲಿಸಿದ ವಿದ್ಯೆಯಾಗಿ ಉಳಿದುಬಂದಿದೆ. ಒಂದೇ ಕೊಕ್ಕೆಯಿಂದ ಮಾಡುವ ಕ್ರೋಶಾ ಕೆಲಸವು ಹೆಣಿಗೆಗಿಂತ ಭಿನ್ನವಾದದ್ದು. ಕ್ರೋಶಾದಲ್ಲಿ ಒಂದು ಸಮಯದಲ್ಲಿ ಸಾಮಾನ್ಯವಾಗಿ ಒಂದೇ ಕುಣಿಕೆ ತೆರೆದಿರುತ್ತದೆ. ಕಡ್ಡಿ ಹೆಣಿಗೆಯಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೆ ತೆರೆದಿರುತ್ತವೆ.

ಲೇಸ್ ಹೆಣಿಗೆಯ ತತ್ತ್ವ

ಹೆಣಿಗೆಯ ಎಲ್ಲ ವಿನ್ಯಾಸಗಳೂ ಎರಡು ಮೂಲ ಕುಣಿಕೆಗಳಿಂದ ಆಗುತ್ತವೆ. ಅವನ್ನು ರೂಢಿಯಲ್ಲಿ ಸೀದಾ ಮತ್ತು ಉಲ್ಟಾ ಎಂದು ಕರೆಯುತ್ತಾರೆ. ಲೇಸ್ ವಿನ್ಯಾಸಕ್ಕೆ ಇವುಗಳ ಜೊತೆಗೆ ಇನ್ನೆರಡು ಕ್ರಿಯೆಗಳು ಸೇರುತ್ತವೆ. ಮೊದಲನೆಯದು ನೂಲನ್ನು ಕಡ್ಡಿಗೆ ಒಮ್ಮೆ ಸುಮ್ಮನೆ ಸುತ್ತುವುದು. ಇದರಿಂದ ಒಂದು ಹೊಸ ಕುಣಿಕೆಯೂ ಅದರ ಕೆಳಗೆ ಒಂದು ರಂಧ್ರವೂ ಉಂಟಾಗುತ್ತವೆ. ಎರಡನೆಯದು ಎರಡು ಅಥವಾ ಮೂರು ಕುಣಿಕೆಗಳನ್ನು ಕೂಡಿಸಿ ಒಂದಾಗಿ ಹೆಣೆಯುವುದು. ಇದರಿಂದ ಕುಣಿಕೆಗಳು ಕಡಿಮೆಯಾಗುತ್ತವೆ.

ಸುತ್ತಿನಿಂದ ಹೆಚ್ಚಿದಷ್ಟು ಕುಣಿಕೆಗಳು ಕೂಡಿಸುವುದರಿಂದ ಕಡಿಮೆಯಾದರೆ ಬಟ್ಟೆಯ ಅಗಲ ಸ್ಥಿರವಾಗಿರುತ್ತದೆ. ಈ ಕೂಡು-ಕಳೆಯ ಸಮತೋಲನವೇ ಲೇಸ್ ಹೆಣಿಗೆಯ ತಳಹದಿ. ವಿನ್ಯಾಸವೊಂದು ಮರುಕಳಿಸಲು ಬೇಕಾದ ಕುಣಿಕೆಗಳ ಮತ್ತು ಸಾಲುಗಳ ಗುಂಪನ್ನು ಆವರ್ತನೆ ಎನ್ನಬಹುದು. ಶ್ರಗ್ಗಿನ ಅಳತೆಯನ್ನು ಹಿಗ್ಗಿಸುವಾಗ ಅಥವಾ ಕುಗ್ಗಿಸುವಾಗ ಎದುರಾಗುವ ತೊಡಕಿಗೆ ಕಾರಣ ಈ ಆವರ್ತನೆಯೇ. ಸಾದಾ ಹೆಣಿಗೆಯಲ್ಲಿ ಒಂದೆರಡು ಕುಣಿಕೆಗಳನ್ನು ಮನಬಂದಂತೆ ಸೇರಿಸಬಹುದು. ಲೇಸ್ ಹೆಣಿಗೆಯಲ್ಲಿ ಹಾಗೆ ಸೇರಿಸಿದರೆ ವಿನ್ಯಾಸವು ನಡುವೆಯೇ ತುಂಡಾಗುತ್ತದೆ.

ಉದಾಹರಣೆಗೆ 8 ಕುಣಿಕೆಗಳ, 12 ಸಾಲುಗಳ ಒಂದು ಸರಳ ಗೋಪುರ ವಿನ್ಯಾಸವನ್ನು ಪರಿಶೀಲಿಸಬಹುದು. ಮೊದಲ ಸಾಲಿನಲ್ಲಿ ಅಂಚಿನ 2 ಕುಣಿಕೆ ಸೀದಾ, ಆಮೇಲೆ 1 ಸೀದಾ. ನಂತರ ಪ್ರತಿ ಆವರ್ತನೆಗೆ ಒಂದು ಸುತ್ತು, 2 ಸೀದಾ, 3 ಕುಣಿಕೆ ಕೂಡಿಸಿ ಒಂದು, 2 ಸೀದಾ, ಒಂದು ಸುತ್ತು, 1 ಸೀದಾ. ಸಾಲಿನ ಕೊನೆಗೆ ಅಂಚಿನ 2 ಕುಣಿಕೆ ಸೀದಾ. ಎರಡನೆಯ ಸಾಲಿನಲ್ಲಿ ಅಂಚುಗಳನ್ನು ಬಿಟ್ಟು ಉಳಿದ ಎಲ್ಲವೂ ಉಲ್ಟಾ. ಈ ಎರಡು ಸಾಲುಗಳನ್ನು ನಾಲ್ಕು ಸಲ ಹೆಣೆದರೆ 8 ಸಾಲುಗಳಾಗುತ್ತವೆ. ಆಮೇಲೆ ರಂಧ್ರಗಳಿಲ್ಲದ 4 ಸಾಲುಗಳನ್ನು, ಒಂದು ಸೀದಾ ಒಂದು ಉಲ್ಟಾ ಸಾಲಿನಂತೆ, ಹೆಣೆದರೆ 12 ಸಾಲುಗಳ ಒಂದು ಆವರ್ತನೆ ಪೂರ್ಣವಾಗುತ್ತದೆ. ಪ್ರತಿ ಆವರ್ತನೆಯಲ್ಲಿ ಎರಡು ಸುತ್ತುಗಳಿಂದ 2 ಕುಣಿಕೆ ಹೆಚ್ಚುತ್ತವೆ. ಮೂರನ್ನು ಒಂದಾಗಿಸುವುದರಿಂದ 2 ಕುಣಿಕೆ ಕಡಿಮೆಯಾಗುತ್ತವೆ. ಈ ವಿನ್ಯಾಸಕ್ಕೆ ಬೇಕಾಗುವ ಒಟ್ಟು ಕುಣಿಕೆಗಳು ಯಾವಾಗಲೂ 8ರ ಗುಣಕಕ್ಕೆ 5 ಸೇರಿಸಿದಷ್ಟು: 69, 77, 85, 93 ಇತ್ಯಾದಿ.

ಶ್ರಗ್ಗಿನ ರಚನೆ

ಶ್ರಗ್ಗನ್ನು ಹಲವು ಬಗೆಯಲ್ಲಿ ಹೆಣೆಯಬಹುದು. ಕೆಲವನ್ನು ಕೊರಳಿನಿಂದ ಆರಂಭಿಸಿ ಕೆಳಕ್ಕೆ, ಕೆಲವನ್ನು ಬೆನ್ನಿನ ನಡುವಿನಿಂದ ವೃತ್ತಾಕಾರವಾಗಿ ಹೆಣೆಯುತ್ತಾರೆ. ಹೊಸದಾಗಿ ಕಲಿಯುವವರಿಗೆ ಎಲ್ಲಕ್ಕಿಂತ ಸುಲಭವಾದದ್ದು ಆಯತಾಕಾರದ ಶ್ರಗ್. ಒಂದು ತೋಳಿನ ಅಂಚಿನಿಂದ ಆರಂಭಿಸಿ, ಬೆನ್ನನ್ನು ದಾಟಿ, ಇನ್ನೊಂದು ತೋಳಿನ ಅಂಚಿನವರೆಗೆ ಒಂದೇ ಉದ್ದನೆಯ ಪಟ್ಟಿಯನ್ನು ಹೆಣೆಯಲಾಗುತ್ತದೆ. ಪಟ್ಟಿಯನ್ನು ಉದ್ದುದ್ದ ಮಡಚಿ, ಎರಡೂ ತುದಿಗಳಲ್ಲಿ ಸ್ವಲ್ಪ ದೂರ ಅಂಚಿಗೆ ಅಂಚು ಸೇರಿಸಿ ಹೊಲಿದರೆ ತೋಳುಗಳಾಗುತ್ತವೆ. ಹೊಲಿಯದೆ ಬಿಟ್ಟ ನಡುಭಾಗವೇ ಮೈ ತೂರುವ ಬಾಯಿ. ಆ ಬಾಯಿಯ ಸುತ್ತ ಕುಣಿಕೆಗಳನ್ನು ಎತ್ತಿಕೊಂಡು ಪಟ್ಟಿಯಂತೆ ಒಂದು ಅಂಚನ್ನು ಹೆಣೆದರೆ ಮೇಲ್ಗಡೆ ಕೊರಳಪಟ್ಟಿಯೂ ಕೆಳಗಡೆ ಬೆನ್ನಿನ ಅಂಚೂ ಒಂದೇ ಬಾರಿಗೆ ಸಿದ್ಧವಾಗುತ್ತವೆ.

ಈ ರಚನೆಯಲ್ಲಿ ಪಟ್ಟಿಯ ಅಗಲವೇ ತೋಳಿನ ಸುತ್ತಳತೆ. ಪಟ್ಟಿಯ ಉದ್ದವೇ ಒಂದು ತೋಳಿನ ಅಂಚಿನಿಂದ ಇನ್ನೊಂದು ತೋಳಿನ ಅಂಚಿನವರೆಗಿನ ದೂರ. ಆದ್ದರಿಂದ ಎದೆಯ ಸುತ್ತಳತೆಯನ್ನು ಆಧರಿಸಿ ಹೇಳುವ ಸಣ್ಣ, ಮಧ್ಯಮ, ದೊಡ್ಡ ಎಂಬ ಸಿದ್ಧ ಅಳತೆಗಳು ಶ್ರಗ್ಗಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಎದೆಯ ಅಳತೆ ಒಂದೇ ಆಗಿರುವ ಇಬ್ಬರ ರಟ್ಟೆಯ ಸುತ್ತಳತೆಯಲ್ಲಿ ಐದಾರು ಸೆಂಟಿಮೀಟರ್ ಅಂತರವಿರಬಹುದು.

ಕಲಬುರಗಿ ಪ್ರದೇಶದಲ್ಲಿ ನೂಲಿನ ಆಯ್ಕೆ

ಹೆಣಿಗೆಯ ಪುಸ್ತಕಗಳಲ್ಲಿ ಬರುವ ಹೆಚ್ಚಿನ ಶ್ರಗ್ ಮಾದರಿಗಳು ಶೀತ ದೇಶಗಳ ಉಣ್ಣೆಯ ನೂಲಿಗಾಗಿ ರಚಿತವಾದವು. ಕಲಬುರಗಿಯ ಹವೆ ಅದಕ್ಕೆ ವಿರುದ್ಧವಾದದ್ದು. ಇಲ್ಲಿ ಮೇ ತಿಂಗಳಿನಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಮಾತ್ರ ಅದು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹೀಗಾಗಿ ಕಲಬುರಗಿ ನಗರದಲ್ಲಾಗಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಾಗಲಿ ದಪ್ಪ ಉಣ್ಣೆಯ ಉಡುಪಿಗೆ ಕೆಲವೇ ವಾರಗಳ ಉಪಯೋಗ. ರಂಧ್ರಗಳಿಂದ ಗಾಳಿಯಾಡುವ ಹತ್ತಿಯ ಶ್ರಗ್ಗನ್ನು ಚಳಿಗಾಲದ ಮುಂಜಾವಿನಲ್ಲಿಯೂ ಹವಾನಿಯಂತ್ರಿತ ಬಸ್ಸು-ರೈಲುಗಳಲ್ಲಿಯೂ ಧರಿಸಬಹುದು.

ಈ ಭಾಗದ ಸ್ಥಳೀಯ ಉಣ್ಣೆ ದಖನಿ ಕುರಿಯದು. ಅದು ಒರಟಾಗಿದ್ದು, ಕುರುಬ ಸಮುದಾಯದವರು ನೇಯುವ ಕಂಬಳಿಗೆ ಯೋಗ್ಯವಾದದ್ದು. ಮೈಗೆ ತಾಗುವ ತೆಳು ಲೇಸ್ ಹೆಣಿಗೆಗೆ ಹೊಂದುವುದಿಲ್ಲ. ಮನೆಗಳಲ್ಲಿ ಸ್ವೆಟರಿಗೆ ಬಳಸುವ, ಉಲ್ಲನ್ ಎಂದೇ ಕರೆಯಲಾಗುವ ನೂಲು ಬಹುಮಟ್ಟಿಗೆ ಅಕ್ರಿಲಿಕ್ ಆಗಿರುತ್ತದೆ. ಶ್ರಗ್ಗಿಗೆ ದೊರೆಯುವ ನೂಲುಗಳ ಗುಣಗಳು ಹೀಗಿವೆ.

ಉಣ್ಣೆ: ಎಳೆದರೆ ಹಿಗ್ಗಿ, ಬಿಟ್ಟರೆ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ನೆನೆಸಿ ಹರಡಿ ಒಣಗಿಸಿದಾಗ ಲೇಸಿನ ರಂಧ್ರಗಳು ಚೆನ್ನಾಗಿ ತೆರೆದುಕೊಂಡು, ಮುಂದಿನ ಒಗೆತದವರೆಗೆ ಹಾಗೆಯೇ ಉಳಿಯುತ್ತವೆ.

ಹತ್ತಿ: ತಂಪು, ಬೆವರು ಹೀರುತ್ತದೆ, ಪದೇ ಪದೇ ಒಗೆಯಬಹುದು. ಆದರೆ ಉಣ್ಣೆಗಿಂತ ಭಾರ. ಹಿಗ್ಗಿದ ಮೇಲೆ ತಾನಾಗಿ ಕುಗ್ಗುವ ಗುಣ ಬಹಳ ಕಡಿಮೆ. ಧರಿಸಿದಂತೆಲ್ಲ ತೋಳುಗಳು ಕೆಳಕ್ಕೆ ಇಳಿಯುತ್ತವೆ.

ಅಕ್ರಿಲಿಕ್: ಅಗ್ಗ, ಹಗುರ, ಬಣ್ಣಗಳು ಹೆಚ್ಚು. ಬೆವರನ್ನು ಹೀರುವುದಿಲ್ಲ. ನೀರಿನಲ್ಲಿ ನೆನೆಸಿ ಹರಡಿದರೂ ಆಕಾರ ನಿಲ್ಲುವುದು ಕಡಿಮೆ. ನೇರವಾಗಿ ಇಸ್ತ್ರಿ ತಾಗಿಸಿದರೆ ಎಳೆಗಳು ಕರಗಿ ಹೊಳಪಾಗಿ, ಜೋತುಬೀಳುತ್ತವೆ.

ಉಣ್ಣೆಗೆಂದು ಬರೆದ ಸೂಚನೆಯನ್ನು ಹತ್ತಿಯ ನೂಲಿನಿಂದ ಅಕ್ಷರಶಃ ಅನುಸರಿಸಿದರೆ ಶ್ರಗ್ ಸಡಿಲವಾಗುವುದಕ್ಕೆ ಮುಖ್ಯ ಕಾರಣ ಈ ಗುಣಭೇದ. ಬಿಸಿಲು ನಾಡಿನಲ್ಲಿ ಹೆಣೆಯುವವರಿಗೆ ಅಳತೆಯ ಲೆಕ್ಕವು ಹೆಚ್ಚು ಅಗತ್ಯವಾಗುವುದೂ ಇದೇ ಕಾರಣದಿಂದ.

ಕಡ್ಡಿಗಳ ಸಂಖ್ಯೆ

ಭಾರತದಲ್ಲಿ ಕಡ್ಡಿಗಳನ್ನು ಬಹುಕಾಲ ಹಳೆಯ ಬ್ರಿಟಿಷ್ ಸಂಖ್ಯಾಕ್ರಮದಲ್ಲಿ ಮಾರಲಾಗುತ್ತಿತ್ತು. ಈಗಲೂ ಅದು ಬಳಕೆಯಲ್ಲಿದೆ. ಈ ಕ್ರಮದಲ್ಲಿ ಸಂಖ್ಯೆ ಹೆಚ್ಚಾದಂತೆ ಕಡ್ಡಿ ತೆಳುವಾಗುತ್ತದೆ. 8ನೆಯ ಸಂಖ್ಯೆಯ ಕಡ್ಡಿ 4 ಮಿ.ಮೀ., 10ನೆಯ ಸಂಖ್ಯೆಯದು 3.25 ಮಿ.ಮೀ. ದಪ್ಪ. ಅಮೆರಿಕದ ಕ್ರಮ ಇದಕ್ಕೆ ತಿರುವುಮುರುವು. ಅಲ್ಲಿ ಸಂಖ್ಯೆ ಹೆಚ್ಚಾದಂತೆ ಕಡ್ಡಿ ದಪ್ಪವಾಗುತ್ತದೆ. 8ನೆಯ ಸಂಖ್ಯೆಯ ಕಡ್ಡಿ 5 ಮಿ.ಮೀ. ಇರುತ್ತದೆ. ಅಮೆರಿಕದ ಸೂಚನೆಯಲ್ಲಿ 8 ಎಂದಿರುವುದನ್ನು ನೋಡಿ ಇಲ್ಲಿಯ 8ನೆಯ ಸಂಖ್ಯೆಯ ಕಡ್ಡಿಯನ್ನು ಹಿಡಿದರೆ ಶ್ರಗ್ ಬಿಗಿಯಾಗುತ್ತದೆ. ಆದ್ದರಿಂದ ಕಡ್ಡಿಯನ್ನು ಮಿಲಿಮೀಟರಿನಲ್ಲಿಯೇ ಗುರುತಿಸುವುದು ಕ್ಷೇಮ.

ಮೈಯಳತೆ

ಆಯತಾಕಾರದ ಶ್ರಗ್ಗಿಗೆ ಮೂರು ಅಳತೆಗಳು ಸಾಕು. ಇವನ್ನು ಧರಿಸುವವರು ತಾವೇ ತೆಗೆದುಕೊಳ್ಳುವುದಕ್ಕಿಂತ ಇನ್ನೊಬ್ಬರು ತೆಗೆದರೆ ನಿಖರವಾಗಿರುತ್ತದೆ. ದರ್ಜಿಗಳ ಟೇಪಿನಲ್ಲಿ ಇಂಚುಗಳಿದ್ದರೆ ಪ್ರತಿ ಇಂಚಿಗೆ 2.54 ಸೆಂ.ಮೀ. ಎಂದು ಲೆಕ್ಕ ಹಿಡಿಯಬೇಕು.

1. ಬೆನ್ನಿನ ಅಗಲ: ಕೈಗಳನ್ನು ಇಳಿಬಿಟ್ಟಾಗ ಒಂದು ತೋಳಿನ ಬುಡದಿಂದ ಇನ್ನೊಂದು ತೋಳಿನ ಬುಡದವರೆಗೆ, ಬೆನ್ನಿನ ಮೇಲಿಂದ.
2. ರಟ್ಟೆಯ ಸುತ್ತಳತೆ: ಮೊಣಕೈಗೂ ಭುಜಕ್ಕೂ ನಡುವೆ ಅತಿ ದಪ್ಪವಾದ ಕಡೆ.
3. ತೋಳಿನ ಉದ್ದ: ತೋಳಿನ ಬುಡದಿಂದ ಶ್ರಗ್ಗಿನ ತೋಳು ಎಲ್ಲಿಯವರೆಗೆ ಬರಬೇಕೋ ಅಲ್ಲಿಯವರೆಗೆ.

ರಟ್ಟೆಯ ಸುತ್ತಳತೆಗೆ ಸಡಿಲಕ್ಕಾಗಿ 5ರಿಂದ 8 ಸೆಂ.ಮೀ. ಸೇರಿಸಬೇಕು. ಒಳಗೆ ತೋಳಿರುವ ಕುಪ್ಪಸ ಅಥವಾ ಕುರ್ತಾ ಇರುವುದಾದರೆ ಹೆಚ್ಚು, ತೋಳಿಲ್ಲದ ಉಡುಪಾದರೆ ಕಡಿಮೆ.

ಮಾದರಿ ತುಂಡು

ನಿಗದಿಯಾದ ಉದ್ದಗಲದಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಹಿಡಿಯುತ್ತವೆ ಎಂಬುದು ನೂಲು, ಕಡ್ಡಿ ಮತ್ತು ಹೆಣೆಯುವವರ ಕೈಬಿಗಿಯನ್ನು ಅವಲಂಬಿಸಿದೆ. ಒಂದೇ ನೂಲು, ಒಂದೇ ಕಡ್ಡಿ ಇದ್ದರೂ ಇಬ್ಬರ ಹೆಣಿಗೆ ಒಂದೇ ಅಳತೆಗೆ ಬರುವುದಿಲ್ಲ. ಆದ್ದರಿಂದ ಶ್ರಗ್ಗಿಗೆ ಬಳಸುವ ನೂಲು, ಕಡ್ಡಿ ಮತ್ತು ವಿನ್ಯಾಸದಲ್ಲಿಯೇ ಒಂದು ಚಿಕ್ಕ ತುಂಡನ್ನು ಮೊದಲು ಹೆಣೆಯಬೇಕು. ಮೇಲೆ ಹೇಳಿದ ಗೋಪುರ ವಿನ್ಯಾಸಕ್ಕೆ 37 ಕುಣಿಕೆಗಳು, ಅಂದರೆ 4 ಆವರ್ತನೆಗಳು, ಮತ್ತು 36 ಸಾಲುಗಳು, ಅಂದರೆ 3 ಆವರ್ತನೆಗಳು, ಸಾಕಾಗುತ್ತವೆ.

ತುಂಡನ್ನು ಕಡ್ಡಿಯಿಂದ ಇಳಿಸಿದ ಕೂಡಲೇ ಅಳೆಯಬಾರದು. ಸಿದ್ಧವಾದ ಶ್ರಗ್ಗನ್ನು ಹೇಗೆ ಒಗೆಯಲಾಗುವುದೋ ಹಾಗೆಯೇ ಇದನ್ನೂ ಒಗೆದು, ಹಿಂಡದೆ ನೀರನ್ನು ಒತ್ತಿ ತೆಗೆದು, ಟವೆಲಿನ ಮೇಲೆ ಹರಡಿ, ರಂಧ್ರಗಳು ತೆರೆದುಕೊಳ್ಳುವಷ್ಟು ಎಳೆದು ಪಿನ್ನು ಚುಚ್ಚಿ, ಪೂರ್ತಿ ಒಣಗಿಸಬೇಕು. ಹತ್ತಿಯ ನೂಲಾದರೆ ಒಣಗಿದ ತುಂಡನ್ನು ಕ್ಲಿಪ್ಪಿನಿಂದ ಒಂದು ರಾತ್ರಿ ತೂಗುಹಾಕಿ ಆಮೇಲೆ ಅಳೆಯಬೇಕು. ಶ್ರಗ್ಗಿನ ತೋಳುಗಳು ಸಾಲುಗಳ ದಿಕ್ಕಿನಲ್ಲಿ ಜೋಲುವುದರಿಂದ ಮೊದಲ ಸಾಲು ಕೆಳಗೆ, ಕೊನೆಯ ಸಾಲು ಮೇಲೆ ಬರುವಂತೆ ತೂಗುಹಾಕುವುದು ಸರಿ.

ಅಂಚುಗಳು ಸುರುಳಿಯಾಗುವುದರಿಂದ ನಡುವಿನ 3 ಆವರ್ತನೆಗಳನ್ನು ಮಾತ್ರ ಅಳೆಯಬೇಕು. ಒಗೆಯುವ ಮೊದಲು 11 ಸೆಂ.ಮೀ. ಇದ್ದ 24 ಕುಣಿಕೆಗಳು ಒಗೆದು ಒಣಗಿಸಿದ ಮೇಲೆ 12 ಸೆಂ.ಮೀ. ಆದವೆಂದು ಭಾವಿಸೋಣ. ಆಗ 10 ಸೆಂ.ಮೀ.ಗೆ 20 ಕುಣಿಕೆ. ಒಂದು ಆವರ್ತನೆಯ ಅಗಲ 4 ಸೆಂ.ಮೀ. ಅಂತೆಯೇ 36 ಸಾಲುಗಳು ಸುಮಾರು 13.8 ಸೆಂ.ಮೀ. ಬಂದರೆ 10 ಸೆಂ.ಮೀ.ಗೆ 26 ಸಾಲು. ಒಂದು ಆವರ್ತನೆಯ ಎತ್ತರ ಸುಮಾರು 4.6 ಸೆಂ.ಮೀ. ಒಗೆಯದ ತುಂಡಿನ ಅಳತೆಯನ್ನೇ ನಂಬಿ 37.5 ಸೆಂ.ಮೀ. ಅಗಲಕ್ಕೆ ಲೆಕ್ಕ ಹಾಕಿದ್ದರೆ ಸುಮಾರು 82 ಕುಣಿಕೆ ಬರುತ್ತಿತ್ತು. ಮೊದಲ ಒಗೆತದ ನಂತರ ಅದು 41 ಸೆಂ.ಮೀ.ಗೆ ಹಿಗ್ಗುತ್ತಿತ್ತು.

ಲೆಕ್ಕದ ಕ್ರಮ

ಇದು ಶಾಲೆಯಲ್ಲಿ ಕಲಿಯುವ ತ್ರೈರಾಶಿಯ ಲೆಕ್ಕವೇ ಹೊರತು ಬೇರೇನಲ್ಲ. ಬೆನ್ನಿನ ಅಗಲ 36 ಸೆಂ.ಮೀ., ರಟ್ಟೆಯ ಸುತ್ತಳತೆ 30 ಸೆಂ.ಮೀ., ತೋಳಿನ ಉದ್ದ 25 ಸೆಂ.ಮೀ. ಇರುವವರಿಗೆ ಶ್ರಗ್ ಬೇಕಾಗಿದೆ ಎಂದುಕೊಳ್ಳೋಣ.

ಅಗಲ: ಸಡಿಲ ಸೇರಿ ಬೇಕಾದ ಅಗಲ 35ರಿಂದ 38 ಸೆಂ.ಮೀ. 77 ಕುಣಿಕೆ ಹಾಕಿದರೆ, ಹೊಲಿಗೆಯಲ್ಲಿ ಎರಡೂ ಕಡೆಯಿಂದ ಒಂದೊಂದು ಕುಣಿಕೆ ಒಳಗೆ ಹೋಗಿ 75 ಉಳಿಯುತ್ತವೆ. 75ನ್ನು 2ರಿಂದ ಭಾಗಿಸಿದರೆ 37.5 ಸೆಂ.ಮೀ. ಸಡಿಲ 7.5 ಸೆಂ.ಮೀ. ದೊರೆಯುತ್ತದೆ. 69 ಕುಣಿಕೆ ಹಾಕಿದ್ದರೆ ಸಡಿಲ ಕೇವಲ 3.5 ಸೆಂ.ಮೀ. ಆಗಿ, ತೋಳು ಬಿಗಿಯಾಗುತ್ತಿತ್ತು.

ಉದ್ದ: 36ಕ್ಕೆ ಎರಡು ತೋಳುಗಳ 50 ಸೇರಿಸಿದರೆ 86 ಸೆಂ.ಮೀ. ಇದರಲ್ಲಿ ಎರಡೂ ತೋಳುಗಳ ತುದಿಗೆ 4 ಸೆಂ.ಮೀ.ನಂತೆ ರಿಬ್ ಅಂಚು ಹೋದರೆ ಲೇಸಿಗೆ ಉಳಿಯುವುದು 78 ಸೆಂ.ಮೀ. 2.6ರಿಂದ ಗುಣಿಸಿದರೆ ಸುಮಾರು 203 ಸಾಲು. 12ರ ಗುಣಕಗಳಲ್ಲಿ ಹತ್ತಿರದ್ದು 204, ಅಂದರೆ 17 ಆವರ್ತನೆಗಳು.

ಬಾಯಿ: ಹೊಲಿಯದೆ ಬಿಡುವ ನಡುಭಾಗವು ಬೆನ್ನಿನ ಅಗಲಕ್ಕಿಂತ ಹೆಚ್ಚಾಗಿರಬೇಕು. ಪಟ್ಟಿಯ ಮೇಲಂಚು ಬೆನ್ನಿನ ಮೇಲೆ ನೇರವಾಗಿ ನಿಲ್ಲದೆ, ಕೊರಳ ಹಿಂದಿನಿಂದ ಭುಜದ ಮುಂದಕ್ಕೆ ಬಳಸಿ ಕಂಕುಳಿಗೆ ಇಳಿಯುವುದೇ ಇದಕ್ಕೆ ಕಾರಣ. ಈ ಉದಾಹರಣೆಯಲ್ಲಿ ಎರಡೂ ತುದಿಗಳಿಂದ 18 ಸೆಂ.ಮೀ. ಹೊಲಿದರೆ ನಡುವೆ ಸುಮಾರು 50 ಸೆಂ.ಮೀ. ಉಳಿಯುತ್ತದೆ. ಹೊಲಿಯುವ ಮೊದಲು ಪಿನ್ನು ಹಾಕಿ ಧರಿಸಿ ನೋಡಿ, ಕೈಗಳನ್ನು ಮುಂದಕ್ಕೆ ಚಾಚಿದಾಗ ಬೆನ್ನು ಬಿಗಿಯುವುದಾದರೆ ಬಾಯಿಯನ್ನು ಹಿಗ್ಗಿಸಬೇಕು.

ಅಂಚು: ಬಾಯಿಯ ಒಟ್ಟು ಸುತ್ತಳತೆ 100 ಸೆಂ.ಮೀ. ರಿಬ್ಬಿನಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಹಿಡಿದರೆ 220 ಕುಣಿಕೆಗಳನ್ನು ಉದ್ದ ತಂತಿಯ ದುಂಡು ಕಡ್ಡಿಯ ಮೇಲೆ ಎತ್ತಿಕೊಳ್ಳಬೇಕು. 220 ಸಂಖ್ಯೆಯು 4ರಿಂದ ಭಾಗವಾಗುವುದರಿಂದ ಎರಡು ಸೀದಾ ಎರಡು ಉಲ್ಟಾ ರಿಬ್ಬಿಗೆ ಹೊಂದುತ್ತದೆ. 5 ಸೆಂ.ಮೀ. ಅಂಚು ಹೆಣೆದರೆ ಬೆನ್ನಿನ ಎತ್ತರ ಮೇಲೆ ಕೆಳಗೆ ಸೇರಿ 10 ಸೆಂ.ಮೀ. ಹೆಚ್ಚುತ್ತದೆ.

ರಟ್ಟೆಯ ಸುತ್ತಳತೆ 36 ಸೆಂ.ಮೀ., ಬೆನ್ನಿನ ಅಗಲ 40 ಸೆಂ.ಮೀ. ಇರುವ ಇನ್ನೊಬ್ಬರಿಗೆ ಇದೇ ಕ್ರಮದಲ್ಲಿ 85 ಕುಣಿಕೆ ಹಾಕಿದರೆ 41.5 ಸೆಂ.ಮೀ., 93 ಹಾಕಿದರೆ 45.5 ಸೆಂ.ಮೀ. ಅಗಲ ಬರುತ್ತದೆ. ಒಳಗೆ ತೋಳಿಲ್ಲದ ಉಡುಪಿದ್ದರೆ ಮೊದಲನೆಯದು, ತೋಳಿರುವ ಕುರ್ತಾ ಇದ್ದರೆ ಎರಡನೆಯದು ಸೂಕ್ತ. ಉದ್ದಕ್ಕೆ 18 ಆವರ್ತನೆಗಳು ಬೇಕಾಗುತ್ತವೆ.

ಎರಡು ಅಳತೆಗಳ ನಡುವೆ

ಅಗಲವು 4 ಸೆಂ.ಮೀ. ಮೆಟ್ಟಿಲುಗಳಲ್ಲಿ ಮಾತ್ರ ಬದಲಾಗುವುದರಿಂದ ಬೇಕಾದ ಅಳತೆ ಎರಡು ಮೆಟ್ಟಿಲುಗಳ ನಡುವೆ ಬರಬಹುದು. ಆಗ ಮೂರು ದಾರಿಗಳಿವೆ.

ಮೊದಲನೆಯದು, ಅಂಚಿನ ಸಾದಾ ಕುಣಿಕೆಗಳನ್ನು ಹೆಚ್ಚಿಸುವುದು. ಎರಡೂ ಕಡೆ 2ರ ಬದಲು 4 ಕುಣಿಕೆ ಇಟ್ಟರೆ ಅಗಲ 2 ಸೆಂ.ಮೀ. ಹೆಚ್ಚುತ್ತದೆ, ವಿನ್ಯಾಸ ಕೆಡುವುದಿಲ್ಲ. ಹೊಸಬರಿಗೆ ಇದೇ ಉತ್ತಮ.

ಎರಡನೆಯದು, ಕಡ್ಡಿಯನ್ನು ಬದಲಿಸುವುದು. ದಪ್ಪ ಕಡ್ಡಿಯಿಂದ 10 ಸೆಂ.ಮೀ.ಗೆ 19 ಕುಣಿಕೆ ಬಂದರೆ ಅದೇ 75 ಕುಣಿಕೆಗಳು ಸುಮಾರು 39.5 ಸೆಂ.ಮೀ. ಆಗುತ್ತವೆ. ಆದರೆ ಸಾಲುಗಳ ಎತ್ತರವೂ ಬದಲಾಗುವುದರಿಂದ ಉದ್ದದ ಲೆಕ್ಕವನ್ನು ಮತ್ತೆ ಮಾಡಬೇಕು. ಹತ್ತಿಯಲ್ಲಿ ಹೆಣಿಗೆ ಸಡಿಲವಾದಷ್ಟೂ ಜೋಲು ಹೆಚ್ಚಾಗುತ್ತದೆ.

ಮೂರನೆಯದು, ಆವರ್ತನೆಗಳ ನಡುವೆ ಒಂದೊಂದು ಸಾದಾ ಕುಣಿಕೆಯನ್ನು ಸೇರಿಸುವುದು. 9 ಆವರ್ತನೆಗಳಿದ್ದರೆ ನಡುವಿನ 8 ಜಾಗಗಳಲ್ಲಿ 8 ಕುಣಿಕೆ ಸೇರಿ 4 ಸೆಂ.ಮೀ. ಹೆಚ್ಚುತ್ತದೆ; ಒಂದು ಬಿಟ್ಟು ಒಂದು ಜಾಗದಲ್ಲಿ ಸೇರಿಸಿದರೆ 2 ಸೆಂ.ಮೀ. ಇದರಿಂದ ವಿನ್ಯಾಸದ ನೋಟ ಸ್ವಲ್ಪ ಬದಲಾಗುತ್ತದೆ. ಆದ್ದರಿಂದ ಹೊಸದಾಗಿ ಮಾದರಿ ತುಂಡನ್ನು ಹೆಣೆದು ನೋಡಬೇಕು.

ನೂಲಿನ ಪ್ರಮಾಣ

ಮಾದರಿ ತುಂಡಿನಿಂದಲೇ ನೂಲಿನ ಪ್ರಮಾಣವನ್ನೂ ಕಂಡುಹಿಡಿಯಬಹುದು. 18.5 ಸೆಂ.ಮೀ. ಅಗಲ, 13.8 ಸೆಂ.ಮೀ. ಎತ್ತರದ ತುಂಡಿನ ವಿಸ್ತೀರ್ಣ ಸುಮಾರು 255 ಚದರ ಸೆಂ.ಮೀ. ಅದರ ತೂಕ 9 ಗ್ರಾಂ ಎಂದಿಟ್ಟುಕೊಂಡರೆ, ಮೊದಲ ಉದಾಹರಣೆಯ ಶ್ರಗ್ಗಿನ ಪಟ್ಟಿ ಮತ್ತು ಅಂಚು ಸೇರಿದ ಸುಮಾರು 3,740 ಚದರ ಸೆಂ.ಮೀ.ಗೆ 132 ಗ್ರಾಂ ನೂಲು ಬೇಕು. ರಿಬ್ ಅಂಚು ಲೇಸಿಗಿಂತ ಒತ್ತಾಗಿರುವುದರಿಂದ 150 ಗ್ರಾಂ ಎಂದು ಹಿಡಿದು, 50 ಗ್ರಾಮಿನ ನಾಲ್ಕು ಉಂಡೆಗಳನ್ನು ಕೊಳ್ಳುವುದು ಸುರಕ್ಷಿತ.

ನೂಲನ್ನು ಒಂದೇ ಬಾರಿಗೆ ಕೊಳ್ಳುವುದು ಮುಖ್ಯ. ಒಂದೇ ಹೆಸರಿನ ಬಣ್ಣವೂ ಬೇರೆ ಬೇರೆ ಸಲ ಬಣ್ಣ ಹಾಕಿದಾಗ ಕೊಂಚ ಭಿನ್ನವಾಗಿ ಬರುತ್ತದೆ. ಉಂಡೆಯ ಚೀಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆಗೆ ಆ ಸರದಿಯ ಸಂಖ್ಯೆಯನ್ನೂ ಮುದ್ರಿಸಿರುವುದು ಇದಕ್ಕಾಗಿಯೇ. ಕಮಲಾಪುರದಿಂದ ಕಲಬುರಗಿಗೆ ಸುಮಾರು 35 ಕಿ.ಮೀ. ದೂರವಿದೆ. ನೂಲಿಗಾಗಿ ನಗರದ ಅಂಗಡಿಯನ್ನು ಅವಲಂಬಿಸಿದವರಿಗೆ ಕೊನೆಯ ತೋಳಿನಲ್ಲಿ ನೂಲು ಮುಗಿದರೆ ಒಂದು ಪ್ರಯಾಣವಷ್ಟೇ ಅಲ್ಲ, ಅದೇ ಛಾಯೆ ಸಿಗದಿದ್ದರೆ ಇಡೀ ಕೆಲಸವೇ ನಷ್ಟವಾಗಬಹುದು.

ಹೆಣೆಯುವ ಕ್ರಮ

77 ಕುಣಿಕೆಗಳನ್ನು ಸಡಿಲವಾಗಿ ಹಾಕಿ, 4 ಸೆಂ.ಮೀ.ವರೆಗೆ ಒಂದು ಸೀದಾ ಒಂದು ಉಲ್ಟಾ ರಿಬ್ ಹೆಣೆಯಬೇಕು. ನಂತರ ಗೋಪುರ ವಿನ್ಯಾಸದ 17 ಆವರ್ತನೆಗಳು, ಮತ್ತೆ 4 ಸೆಂ.ಮೀ. ರಿಬ್. ಕೊನೆಯಲ್ಲಿ ಕುಣಿಕೆಗಳನ್ನು ಸಡಿಲವಾಗಿ ಮುಚ್ಚಬೇಕು. ಬಿಗಿಯಾಗಿ ಮುಚ್ಚಿದರೆ ಉಳಿದೆಲ್ಲ ಅಳತೆ ಸರಿಯಿದ್ದರೂ ತೋಳಿನ ತುದಿ ಕೈಗೆ ಏರುವುದಿಲ್ಲ.

ಪ್ರತಿ ಆವರ್ತನೆ ಮುಗಿದಾಗ ಕುಣಿಕೆಗಳನ್ನು ಎಣಿಸುವುದು ಒಳ್ಳೆಯದು. ಒಂದು ಸುತ್ತು ಬಿಟ್ಟುಹೋದರೂ ಎಣಿಕೆ 76 ಆಗುತ್ತದೆ. ತಪ್ಪು ಅದೇ 12 ಸಾಲುಗಳೊಳಗೆ ಇದೆಯೆಂದು ತಿಳಿಯುತ್ತದೆ. ಸಾದಾ ಸಾಲಿನ ಕುಣಿಕೆಗಳೊಳಗಿಂದ ಬೇರೆ ಬಣ್ಣದ ತೆಳು ದಾರವನ್ನು ಪೋಣಿಸಿಟ್ಟರೆ, ಬಿಚ್ಚಬೇಕಾಗಿ ಬಂದಾಗ ಹೆಣಿಗೆ ಆ ದಾರದವರೆಗೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಲೇಸಿನಲ್ಲಿ ಜಾರಿದ ಕುಣಿಕೆಯನ್ನು ಹುಡುಕಿ ಹಿಡಿಯುವುದು ಕಷ್ಟವಾದ್ದರಿಂದ ಈ ಕಾವಲು ದಾರ ಬಹಳ ಪ್ರಯೋಜನಕಾರಿ.

ಒಂದೇ ದಿಕ್ಕಿನಲ್ಲಿ ಹೆಣೆದಾಗ ಗೋಪುರಗಳು ಒಂದು ತೋಳಿನಲ್ಲಿ ಮೇಲ್ಮುಖವಾಗಿಯೂ ಇನ್ನೊಂದರಲ್ಲಿ ಕೆಳಮುಖವಾಗಿಯೂ ಕಾಣುತ್ತವೆ. ಇದು ಬೇಡವಾದರೆ ಎರಡು ಅರ್ಧಗಳನ್ನು ತೋಳಿನ ತುದಿಯಿಂದ ಬೇರೆಬೇರೆಯಾಗಿ ಹೆಣೆದು ಬೆನ್ನಿನ ನಡುವೆ ಜೋಡಿಸಬೇಕು. ಆಗ ಆವರ್ತನೆಗಳ ಒಟ್ಟು ಸಂಖ್ಯೆ 16 ಅಥವಾ 18ರಂತೆ ಸಮಸಂಖ್ಯೆಯಾಗಿರಬೇಕು.

ಹೊಲಿದ ಉಡುಪಿನೊಂದಿಗೆ ಹೋಲಿಕೆ

ಉತ್ತರ ಕರ್ನಾಟಕದಲ್ಲಿ ಕುಬಸ ಎಂದು ಕರೆಯಲಾಗುವ ಕುಪ್ಪಸವನ್ನು ಹೊಲಿಯುವಾಗ ದರ್ಜಿಗಳು ಬದಿಯ ಹೊಲಿಗೆಯೊಳಗೆ ಸ್ವಲ್ಪ ಬಟ್ಟೆಯನ್ನು ಬಿಟ್ಟಿರುತ್ತಾರೆ. ಮುಂದೆ ಬಿಗಿಯಾದಾಗ ಒಂದು ಹೊಲಿಗೆಯನ್ನು ಬಿಚ್ಚಿದರೆ ಕುಪ್ಪಸ ಸಡಿಲವಾಗುತ್ತದೆ. ಈ ಭಾಗದ ತಾಂಡಾಗಳಲ್ಲಿ ಲಂಬಾಣಿ ಮಹಿಳೆಯರು ತೊಡುವ ಸಾಂಪ್ರದಾಯಿಕ ಕಾಂಚಳಿಗೆ ಬೆನ್ನಿನಲ್ಲಿ ಕಟ್ಟುವ ದಾರಗಳಿರುತ್ತವೆ. ಮೈ ಬದಲಾದಂತೆ ಗಂಟನ್ನು ಬದಲಿಸಿದರೆ ಸಾಕು. ಹೆಣೆದ ಶ್ರಗ್ಗಿನಲ್ಲಿ ಇಂತಹ ಮೀಸಲು ಬಟ್ಟೆ ಇರುವುದಿಲ್ಲ. ಕತ್ತರಿಸಿದರೆ ಕುಣಿಕೆಗಳು ಬಿಚ್ಚಿಹೋಗುತ್ತವೆ.

ಆದರೂ ಶ್ರಗ್ಗಿನಲ್ಲಿ ಹೆಣೆದ ಮೇಲೆ ಬದಲಿಸಬಹುದಾದ ಭಾಗಗಳು ಕೆಲವಿವೆ. ತೋಳಿನ ಹೊಲಿಗೆಯನ್ನು ಬಿಚ್ಚಿ ಬಾಯಿಯನ್ನು ಹಿರಿದು ಅಥವಾ ಕಿರಿದು ಮಾಡಬಹುದು. ಅಂಚನ್ನು ಬಿಚ್ಚಿ ಹೆಚ್ಚು ಅಥವಾ ಕಡಿಮೆ ಕುಣಿಕೆಗಳಿಂದ ಮತ್ತೆ ಹೆಣೆಯಬಹುದು. ಬಾಯಿ ಜೋತುಬಿದ್ದರೆ ಅಂಚಿನ ಒಳಬದಿಯಲ್ಲಿ ತೆಳು ಎಲಾಸ್ಟಿಕ್ ದಾರವನ್ನು ಪೋಣಿಸಬಹುದು. ತೋಳು ಬಿಗಿಯಾದರೆ ಹೊಲಿಗೆಯನ್ನು ಬಿಚ್ಚಿ, ನಡುವೆ ರಿಬ್ ಹೆಣಿಗೆಯ ಒಂದು ಕಿರಿದಾದ ಪಟ್ಟಿಯನ್ನು ಸೇರಿಸಬಹುದು. ಅದು ಕಂಕುಳ ಕೆಳಗೆ ಬರುವುದರಿಂದ ಎದ್ದು ಕಾಣುವುದಿಲ್ಲ. ತೋಳು ಸಡಿಲವಾದರೆ ಹೊಲಿಗೆಯನ್ನು ಒಂದೆರಡು ಕುಣಿಕೆಯಷ್ಟು ಒಳಕ್ಕೆ ಹಾಕಬಹುದು. ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಬಿಚ್ಚಿ ಮತ್ತೆ ಹೆಣೆಯುವುದೊಂದೇ ಮಾರ್ಗ. ಬಿಚ್ಚಿದ ಹತ್ತಿಯ ನೂಲನ್ನು ಲಡಿ ಸುತ್ತಿ, ತೊಳೆದು ಒಣಗಿಸಿದರೆ ಅದರ ಸುಕ್ಕು ಹೋಗಿ ಮರುಬಳಕೆಗೆ ಬರುತ್ತದೆ.

ಆರೈಕೆ

ಸಿದ್ಧವಾದ ಶ್ರಗ್ಗನ್ನು ತಣ್ಣೀರಿನಲ್ಲಿ ಸೌಮ್ಯವಾದ ಸಾಬೂನಿನಿಂದ ಒಗೆದು, ಟವೆಲಿನಲ್ಲಿ ಸುತ್ತಿ ನೀರನ್ನು ಒತ್ತಿ ತೆಗೆಯಬೇಕು. ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಲೇಸು ಉದ್ದವಾಗುತ್ತದೆ. ಆದ್ದರಿಂದ ಚಾಪೆ ಅಥವಾ ಮಂಚದ ಮೇಲೆ, ಮೊದಲ ಅಳತೆಗೆ ಹೊಂದಿಸಿ ಹರಡಿ, ನೆರಳಿನಲ್ಲಿ ಒಣಗಿಸಬೇಕು. ಕಲಬುರಗಿಯ ಬೇಸಿಗೆಯ ಬಿಸಿಲಿನಲ್ಲಿ ಶ್ರಗ್ ಬೇಗ ಒಣಗಿದರೂ ಬಣ್ಣ ಮಾಸುತ್ತದೆ. ಕಪಾಟಿನಲ್ಲಿ ಹ್ಯಾಂಗರಿಗೆ ಹಾಕದೆ ಮಡಚಿ ಇಡಬೇಕು. ಮಾದರಿ ತುಂಡನ್ನು ಬಿಸಾಡದೆ, ಬಳಸಿದ ನೂಲಿನ ಚೀಟಿ, ಕಡ್ಡಿಯ ಅಳತೆ ಮತ್ತು ಹಾಕಿದ ಕುಣಿಕೆಗಳ ಸಂಖ್ಯೆಯನ್ನು ಬರೆದ ಕಾಗದದೊಂದಿಗೆ ಕಾದಿಟ್ಟರೆ ಅದೇ ನೂಲು, ಅದೇ ಕಡ್ಡಿಯಿಂದ ಇನ್ನೊಬ್ಬರ ಅಳತೆಗೆ ಶ್ರಗ್ ಹೆಣೆಯುವಾಗ ಮೈಯಳತೆಯೊಂದನ್ನು ತೆಗೆದರೆ ಸಾಕಾಗುತ್ತದೆ.